ಸೊಳ್ಳೆ ಮುಚ್ಚಿಸಿದ ಕಿಟಕಿ

ಹನುಮಂತನಗರದ ನಮ್ಮ ಮನೆ ಮಹಡಿ ಮೇಲೆ 12 ಅಡಿಗೆ 15 ಅಡಿಯ ಒಂದು ರೂಮಿದೆ. ಸಂಜೆ ಅಲ್ಲಿ ಹದಿನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಒಬ್ಬನಿಗೆ ಶೀತ ಬಂದರೆ ಸಾಕು, ವಾರದೊಳಗೆ ಅರ್ಧ ಬ್ಯಾಚ್ ಖಾಲಿ.

ಮೊದಲು ಮಾಡಿದ್ದು ಎಡವಟ್ಟು ಕೆಲಸ. ಒಂದು ಯುವಿ-ಸಿ, ಅಂದರೆ ನೇರಳಾತೀತ ಬೆಳಕಿನ ಟ್ಯೂಬ್ ತಂದೆ. 254 ನ್ಯಾನೋಮೀಟರ್‌ನ ಆ ಬೆಳಕು ರೋಗಾಣು ಕೊಲ್ಲುವುದೇನೋ ನಿಜ, ಆದರೆ ಉರಿಯುವಾಗ ರೂಮಲ್ಲಿ ಯಾರೂ ಇರಬಾರದು. ನಾನು ಸುಮ್ನೆ ಬಾಗಿಲಲ್ಲಿ ನಿಂತು ನೋಡಿದೆ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಮರಳು ಎರಚಿದ ಹಾಗೆ ಉರಿ. ಎರಡು ದಿನ ಪಾಠಕ್ಕೆ ರಜೆ. ಆಗ ಹೊಳೆಯಿತು, ಖಾಲಿ ರೂಮನ್ನು ಶುದ್ಧ ಮಾಡಿ ಏನು ಬಂತು? ಕೆಮ್ಮುವ ಹುಡುಗ ಬರುವುದೇ ಆರು ಗಂಟೆಗೆ, ಅಲ್ವಾ! ತಲೆಗಿಂತ ಮೇಲೆ, ಸೂರಿನ ಕಡೆಗಷ್ಟೇ ಬೆಳಕು ಬೀಳುವಂತೆ ಕೂರಿಸುವ ದೀಪಗಳೂ ಇವೆ. ಅದು ಅಳತೆ ಗೊತ್ತಿದ್ದವರ ಕೆಲಸ.

ಆಮೇಲೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಂಡೆ. ಹೊರಗೆ 430 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 430 ಪಾಲಿನ ಆಸುಪಾಸು ತೋರಿಸಿತು. ಪಾಠ ಶುರುವಾದ ಮುಕ್ಕಾಲು ಗಂಟೆಗೆ ಒಳಗೆ 2300! ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದರು. ಕಾರಣ ಸೊಳ್ಳೆ. ಬೆಂಗಳೂರಲ್ಲಿ ಸಂಜೆ ಐದೂವರೆಗೆ ಕಿಟಕಿ ಹಾಕದ ಮನೆ ಎಷ್ಟಿವೆ ಹೇಳಿ? ಸಾಲದ್ದಕ್ಕೆ ಅತ್ತೆಯ ಸಾಂಬ್ರಾಣಿ. "ಕ್ರಿಮಿ ಸಾಯ್ತಾವೆ ಕಣಮ್ಮ" ಅನ್ನುತ್ತಾರೆ. ಹೊಗೆಗೆ ಮಕ್ಕಳ ಕೆಮ್ಮು ಜಾಸ್ತಿಯಾಗುತ್ತೆ ಅಂತ ಅವರಿಗೆ ಹೇಗೆ ಹೇಳೋದು? ಈಗ ದೇವರ ಮನೆಗೆ ಮಾತ್ರ ಅಂತ ರಾಜಿಯಾಗಿದೆ.

ಕಿಟಕಿಗೆ ಸೊಳ್ಳೆ ಜಾಲರಿ ಮೊದಲೇ ಇತ್ತು, ತೆರೆದರೂ ಗಾಳಿ ಬರುತ್ತಿರಲಿಲ್ಲ. ಬಿಚ್ಚಿ ಬಕೆಟ್ಟಿಗೆ ಅದ್ದಿದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ರಸ್ತೆ ಧೂಳು ಕೂತು ತೂತೆಲ್ಲ ಕಟ್ಟಿಹೋಗಿದ್ದವು. ಎದುರು ಗೋಡೆಗೆ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಎಲೆಕ್ಟ್ರಿಷಿಯನ್ ಕಿಟಕಿ ಪಕ್ಕದಲ್ಲೇ ಸುಲಭ ಅಂದಿದ್ದ. ಹಾಗೆ ಮಾಡಿದ್ದರೆ ಬಂದ ಗಾಳಿ ಅಲ್ಲಿಂದಲೇ ವಾಪಸ್ ಹೋಗುತ್ತಿತ್ತು. ಫ್ಯಾನ್ ಹಾಕಿ, ಊದುಬತ್ತಿ ಹಚ್ಚಿ ಕಿಟಕಿ ಹತ್ತಿರ ಹಿಡಿದೆ. ಹೊಗೆ ಒಳಕ್ಕೆ ಬಾಗಿ, ಚಾಪೆ ಹಾಸುವ ಜಾಗ ದಾಟಿ ಫ್ಯಾನಿನ ಕಡೆ ಎಳೆದುಕೊಂಡು ಹೋಯಿತು. ಅವತ್ತು ಪಾಠದ ಹೊತ್ತಿಗೆ ಮೀಟರ್ 900 ದಾಟಲಿಲ್ಲ.

ಇರಚಲು ಮಳೆಯ ದಿನ ಕಿಟಕಿ ಹಾಕಲೇಬೇಕು. ಅದಕ್ಕೊಂದು ಗಾಳಿ ಸೋಸುವ ಹೆಪಾ ಫಿಲ್ಟರ್ ಯಂತ್ರ ಇಟ್ಟಿದ್ದೇನೆ. 0.3 ಮೈಕ್ರಾನ್ ಕಣಗಳಲ್ಲೂ ಶೇ. 99.97ರಷ್ಟನ್ನು ಆ ಫಿಲ್ಟರ್ ಹಿಡಿಯುತ್ತದೆ. ಅದು ಓಡುತ್ತಿದ್ದರೂ ಮೀಟರ್ ಇಳಿಯಲ್ಲ, ಯಾಕೆಂದರೆ ಅದು ಹಿಡಿಯುವುದು ಕಣವನ್ನು, ಅನಿಲವನ್ನಲ್ಲ.

ಶೀತ ಪೂರ್ತಿ ನಿಂತಿಲ್ಲ, ಶಾಲೆಯಿಂದಲೂ ತರುತ್ತಾರೆ. ಆದರೆ ಜೂನ್‌ನಿಂದ ಈಚೆಗೆ ಬ್ಯಾಚ್ ಒಟ್ಟಿಗೆ ಮಲಗಿಲ್ಲ. ಮೀಟರ್ ಕಾಯುವ ಕೆಲಸ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳದು. 1000 ದಾಟಿತೋ, ಲೆಕ್ಕ ಅರ್ಧಕ್ಕೇ ಬಿಟ್ಟು ಕೂಗುತ್ತಾಳೆ: "ಮಿಸ್, ಕಿಟಕಿ!"