ಬಳ್ಳಾರಿ ಬಿಸಿಲಿಗೆ ಮಕ್ಕಳೇ ಮಾಡುವ ಸ್ಮೂದಿ: ಸಕ್ಕರೆ ಡಬ್ಬಿ ತೆಗೆಯುವುದೇ ಇಲ್ಲ

ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವುದು ಮಾಮೂಲಿ. ಶಾಲೆಗೂ ರಜೆ. ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಒಳಗಿದ್ದರೆ ತಣ್ಣಗಿನದು ಏನಾದರೂ ಬೇಕು ಅಂತ ಹಟ. ಬಾಟಲಿ ಕೂಲ್ ಡ್ರಿಂಕ್ಸ್ ತರಬಾರದು ಅಂತ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ಸ್ಮೂದಿ, ಅಂದರೆ ಹಣ್ಣನ್ನು ಮಿಕ್ಸಿಯಲ್ಲಿ ತಿರುಗಿಸಿ ಮಾಡುವ ಗಟ್ಟಿ ಪಾನೀಯ, ಶುರುವಾಯಿತು. ಮಗಳಿಗೆ 8 ವರ್ಷ, ಮಗನಿಗೆ 5. ರಜೆಗೆ ಅಕ್ಕನ ಮಕ್ಕಳೂ ಬರುತ್ತಾರೆ. ಹಣ್ಣು ತೊಳೆಯುವುದು, ಸಿಪ್ಪೆ ಸುಲಿಯುವುದು, ಏನಕ್ಕೆ ಏನು ಹಾಕಬೇಕು ಅಂತ ತೀರ್ಮಾನಿಸುವುದು ಎಲ್ಲ ಅವರದೇ. ಚೂಪು ಚಾಕು ಮತ್ತು ಮಿಕ್ಸಿ ಸ್ವಿಚ್ ಮಾತ್ರ ನನ್ನ ಕೈಯಲ್ಲಿ.

ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಮಿಕ್ಸಿಗೆ ಹಾಕುವ ಮೊದಲು ಪ್ರತಿ ಹಣ್ಣಿನ ಒಂದು ಹೋಳು ಎಲ್ಲರ ಬಾಯಿಗೂ ಹೋಗಬೇಕು. ಸಿಹಿಯೋ, ಹುಳಿಯೋ, ಇನ್ನೂ ಹಣ್ಣಾಗಬೇಕೋ, ಅವರೇ ಹೇಳಬೇಕು. ಹುಳಿ ಇದ್ದರೆ ಅದಕ್ಕೆ ಏನು ಜೊತೆ ಮಾಡೋಣ ಎಂಬುದನ್ನೂ ಅವರೇ ಹೇಳಬೇಕು: ಬಾಳೆಹಣ್ಣೋ, ಚಿಕ್ಕುವೋ, ನೆನೆಸಿದ ಖರ್ಜೂರವೋ. "ಚಿಕ್ಕಮ್ಮ, ಸಕ್ರಿ ಹಾಕ್ರಿ" ಅಂತ ಅಕ್ಕನ ಮಗ ಬಂದ ಹೊಸದರಲ್ಲಿ ಕೇಳುತ್ತಿದ್ದ. "ಮೊದಲು ರುಚಿ ನೋಡಪ್ಪ, ಆಮೇಲೆ ಹೇಳು" ಅನ್ನುತ್ತಿದ್ದೆ. ಈಗ ಅವನೇ ತಮ್ಮನಿಗೆ ಖರ್ಜೂರ ಸಾಕು ಅನ್ನುತ್ತಾನೆ. ಮಕ್ಕಳ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ, ನಾವು ದೊಡ್ಡವರೇ ಸುಮ್ನೆ ಸಕ್ಕರೆ ಸುರಿದು ಅಭ್ಯಾಸ ಕೆಡಿಸುತ್ತೇವೆ.

ಜೇನುತುಪ್ಪವನ್ನೂ ಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನು ಮತ್ತು ಹಣ್ಣಿನ ರಸದ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ಇನ್ನು ಒಂದು ವರ್ಷ ತುಂಬದ ಕೂಸಿಗಂತೂ ಜೇನು ಕೊಡಲೇಬಾರದು, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಇದನ್ನು ಅಜ್ಜಿಯರಿಗೂ ಹೇಳಿ, ದಯವಿಟ್ಟು.

ಎಲ್ಲದಕ್ಕೂ ಆಧಾರ ಬಾಳೆಹಣ್ಣು. ಕಂಪ್ಲಿ, ಹೊಸಪೇಟೆ ಕಡೆಯ ಸುಗಂಧಿ ಬಾಳೆ ಸಿಕ್ಕರೆ ಬೇರೇನೂ ಬೇಡ, ಅಷ್ಟು ಪರಿಮಳ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದವು ಜಾಸ್ತಿ ಸಿಹಿ, ಅವನ್ನು ಬಿಲ್ಲೆ ಬಿಲ್ಲೆ ಮಾಡಿ ಡಬ್ಬಿಯಲ್ಲಿ ಹಾಕಿ ರಾತ್ರಿಯೇ ಫ್ರೀಜರ್‌ನಲ್ಲಿಟ್ಟರೆ ಮರುದಿನ ಐಸ್ ಹಾಕುವ ಕೆಲಸವೇ ಇಲ್ಲ, ಗಟ್ಟಿ ಮೊಸರಿನ ಜೊತೆ ತಿರುಗಿಸಿದರೆ ಐಸ್ ಕ್ರೀಮ್ ಹಾಗೇ ಬರುತ್ತದೆ. ಐಸ್ ಹಾಕಿದರೆ ಕರಗಿ ನೀರಾಗುತ್ತದೆ, ರುಚಿಯೂ ತೆಳುವಾಗುತ್ತದೆ. ಈ ಬಾಳೆ ಮೊಸರಿಗೆ ಒಂದು ಚಮಚ ಹುರಿದ ಶೇಂಗಾ ಪುಡಿಯೋ ಅಗಸಿ ಪುಡಿಯೋ ಹಾಕಿದರೆ ಹೊಟ್ಟೆ ತುಂಬುತ್ತದೆ. ಹೇಗೂ ಚಟ್ನಿಗೆ ಅಂತ ನಮ್ಮ ಮನೆಗಳಲ್ಲಿ ಅವು ಇದ್ದೇ ಇರುತ್ತವೆ ಅಲ್ವಾ.

ಅಂಜೂರ ನಮ್ಮ ಬಳ್ಳಾರಿಯ ಹೆಮ್ಮೆ. ಒಣಗಿದ್ದಲ್ಲ, ತಾಜಾ ಹಣ್ಣು. ಮೆತ್ತಗೆ ಹಣ್ಣಾದದ್ದನ್ನೇ ಆರಿಸಬೇಕು. ಕಾಯಿ ಅಂಜೂರದ ತೊಟ್ಟಿನಲ್ಲಿ ಹಾಲಿನಂಥ ಅಂಟು ಇರುತ್ತದೆ, ಅದು ಹಾಲನ್ನು ಒಡೆಸುತ್ತದೆ. ಹಾಗಾಗಿ ತೊಟ್ಟು ಕತ್ತರಿಸಿ ತೆಗೆದು, ಮೊಸರಿನ ಜೊತೆಗೇ ಮಾಡುತ್ತೇವೆ.

ಪಪ್ಪಾಯಿ ವಿಷಯದಲ್ಲಿ ಮಕ್ಕಳಿಗೆ ಒಂದು ಪ್ರಯೋಗ ಮಾಡಿಸಿದೆ. ಪಪ್ಪಾಯಿ ಮತ್ತು ಹಾಲು ಹಾಕಿ ತಿರುಗಿಸಿ ಎರಡು ಲೋಟಕ್ಕೆ ಹಾಕಿದೆವು. ಒಂದನ್ನು ಕೂಡಲೇ ಹಂಚಿಕೊಂಡು ಕುಡಿದರು, ಇನ್ನೊಂದನ್ನು ಫ್ರಿಜ್‌ನಲ್ಲಿಟ್ಟು ಆಮೇಲೆ ಒಂದು ಗುಟುಕು ನೋಡಿದರು. ಕಹಿ! ಪಪ್ಪಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಅದರಿಂದ ಈ ಕಹಿ. ಅನಾನಸ್‌ನಲ್ಲೂ ಅಂಥದೇ ಒಂದು ಕಿಣ್ವ ಇದೆ. ಮಗಳು ಈಗ ಬಂದವರಿಗೆಲ್ಲ ಇದನ್ನು ವಿವರಿಸುತ್ತಾಳೆ, ಕೇಳುವುದಕ್ಕೆ ನನಗೆ ಎಷ್ಟು ಖುಷಿ ಅಂದರೆ ಹೇಳಲಾರೆ. ಪಪ್ಪಾಯಿ, ಅನಾನಸ್ ಎರಡಕ್ಕೂ ಹಾಲು ಬಿಟ್ಟು ಕಿತ್ತಳೆ ಹಣ್ಣನ್ನೋ ಎಳನೀರನ್ನೋ ಸೇರಿಸುತ್ತೇವೆ.

ಸೋಸುವುದಿಲ್ಲ. ಸೋಸಿದರೆ ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ, ಲೋಟಕ್ಕೆ ಬರುವುದು ಬರೀ ಸಿಹಿ ನೀರು. ಸೀಬೆ ಒಂದನ್ನು ಮಾತ್ರ ಸೋಸುತ್ತೇವೆ, ಅದರ ಬೀಜ ಚಿಕ್ಕವನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಸೀತಾಫಲ ಮಾಡುವ ಕಾಲದಲ್ಲಿ ಬೀಜ ಒಂದೂ ಮಿಕ್ಸಿಗೆ ಹೋಗದಂತೆ ನಾನೇ ಕೂತು ತೆಗೆಯುತ್ತೇನೆ, ಆ ಬೀಜ ಪುಡಿಯಾದರೆ ವಿಷ.

ಮಿಕ್ಸಿ ಜಾರ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ ತುಂಬಿಸಬೇಕು. ಮುಚ್ಚಳ ಒತ್ತಿ ಹಿಡಿಯುವವರು ಒಬ್ಬರು, ನಿಲ್ಲಿಸು ಅನ್ನುವವರು ಇನ್ನೊಬ್ಬರು. ಪ್ಲಗ್ ಕಿತ್ತ ಮೇಲೇ ಜಾರ್ ಮುಟ್ಟಬೇಕು. ಕರೆಂಟ್ ಹೋದರೆ? ಅಜ್ಜಿಯ ಕಡಗೋಲು ಇದೆ! ಬಾಳೆಹಣ್ಣು, ಚಿಕ್ಕು, ಮಾವಿನಹಣ್ಣು ಇಂಥವನ್ನು ಪಾತ್ರೆಯಲ್ಲಿ ಕೈಯಿಂದ ಚೆನ್ನಾಗಿ ಕಿವುಚಿ, ಮೊಸರು ಹಾಕಿ, ಸರದಿ ಮೇಲೆ ಕಡೆಯುತ್ತಾರೆ. ಅಲ್ಲಲ್ಲಿ ಗಂಟು ಉಳಿಯುತ್ತದೆ, ಮಕ್ಕಳಿಗೆ ಅದೇ ಇಷ್ಟ. ನಿಜ ಹೇಳಬೇಕೆಂದರೆ ಮಿಕ್ಸಿಗಿಂತ ಇದರಲ್ಲೇ ಅವರ ಉತ್ಸಾಹ ಜಾಸ್ತಿ.

ಎಷ್ಟು ಕೊಡಬೇಕು ಅಂತ ಬಹಳ ಜನ ಕೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2017ರಲ್ಲಿ ಹಣ್ಣಿನ ರಸಕ್ಕೆ ಮಿತಿ ಹಾಕಿತು: 1ರಿಂದ 3 ವರ್ಷಕ್ಕೆ ದಿನಕ್ಕೆ ಸುಮಾರು 120 ಮಿಲಿ, 4ರಿಂದ 6ಕ್ಕೆ ಹೆಚ್ಚೆಂದರೆ 180, ಅದಕ್ಕಿಂತ ದೊಡ್ಡವರಿಗೆ 240. ಸ್ಮೂದಿಯಲ್ಲಿ ನಾರು ಇರುತ್ತದೆ ನಿಜ, ಆದರೂ ನಾನು ಇದೇ ಅಳತೆ ಇಟ್ಟುಕೊಂಡಿದ್ದೇನೆ. ಒಂದು ಚಿಕ್ಕ ಸ್ಟೀಲ್ ಲೋಟ, ದಿನಕ್ಕೆ ಒಂದೇ ಸಲ. ಬಾಯಾರಿಕೆಗೆ ನೀರು, ಮಜ್ಜಿಗೆ ಇದ್ದೇ ಇದೆ.

ಮಿಕ್ಕಿದ್ದನ್ನು ಕುಲ್ಫಿ ಅಚ್ಚಿಗೆ ಹಾಕಿ ಫ್ರೀಜರ್‌ಗೆ. ಹಾಲು ಹಾಕಿದ ಪಪ್ಪಾಯಿ ಬಿಟ್ಟು.