ದುಡಿದ ಮೈಗೆ ಯಾವ ಸಾಧನ, ಎಷ್ಟು ಹೊತ್ತು?

ಅದುರುತ್ತ ಸ್ನಾಯು ತಟ್ಟುವ ಮಸಾಜ್ ಗನ್, ಮೈ ಕೆಳಗಿಟ್ಟು ಉರುಳಿಸುವ ಫೋಮ್ ರೋಲರ್, ಗಾಳಿ ತುಂಬಿಕೊಂಡು ಕಾಲು ಅದುಮುವ ಬೂಟು. ಇವುಗಳ ಜಾಹೀರಾತಿನಲ್ಲೆಲ್ಲ ಓಟಗಾರರು, ಜಿಮ್ಮಿನ ಹುಡುಗರು. ದಿನವಿಡೀ ಮೂಟೆ ಹೊರುವವರು, ಪಾಳಿ ಮುಗಿಯುವವರೆಗೂ ಕೂರಲು ಪುರಸೊತ್ತಿಲ್ಲದ ನರ್ಸ್‌ಗಳು, ಡ್ರಿಲ್ ಹಿಡಿದು ಕಾಂಕ್ರೀಟ್ ಒಡೆಯುವವರು ಅಲ್ಲಿ ಕಾಣುವುದೇ ಇಲ್ಲ. ಜೊತೆಗೆ ಬರುವ ಸೂಚನಾ ಪುಸ್ತಿಕೆಯೂ ಆಟಗಾರರನ್ನೇ ಮನಸ್ಸಿನಲ್ಲಿಟ್ಟು ಬರೆದಂತಿರುತ್ತದೆ.

ಆಟಗಾರ ಗಂಟೆಯೋ ಎರಡು ಗಂಟೆಯೋ ಮೈ ದಂಡಿಸಿ, ಬೇಕಾದರೆ ಮರುದಿನ ವಿಶ್ರಾಂತಿ ತೆಗೆದುಕೊಳ್ಳುತ್ತಾನೆ. ದುಡಿಯುವವರ ಲೆಕ್ಕ ಬೇರೆ. ಎಂಟು ಗಂಟೆ ಅದೇ ಬಾಗುವುದು, ಅದೇ ಎತ್ತುವುದು, ನಾಳೆ ಮತ್ತೆ ಅದೇ. ಕೆಲಸದ ಶ್ರಮವೂ ವ್ಯಾಯಾಮವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು ಇದಕ್ಕೆ ಉತ್ತರ ಕೊಡುತ್ತದೆ: ಕೆಲಸದಲ್ಲಿ ಹೆಚ್ಚು ಮೈಮುರಿದು ದುಡಿಯುವ ಗಂಡಸರಲ್ಲಿ ಅಕಾಲಿಕ ಸಾವಿನ ಅಪಾಯ ಕಡಿಮೆ ಶ್ರಮದವರಿಗಿಂತ ಶೇ 18ರಷ್ಟು ಹೆಚ್ಚಿತ್ತು. ಚೇತರಿಸಿಕೊಳ್ಳಲು ಸಮಯ ಸಾಲದಿರುವುದು ಇದಕ್ಕೆ ಸಂಶೋಧಕರು ಮುಂದಿಡುವ ವಿವರಣೆಗಳಲ್ಲಿ ಒಂದು. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕೆಲಸ ಮೈಯ ಯಾವ ಭಾಗವನ್ನು, ಯಾವ ರೀತಿಯಲ್ಲಿ ಸವೆಸುತ್ತಿದೆ ಎಂದು ಯೋಚಿಸಿ.

ಹಂತ 1: ಇದು ಎಂಥ ನೋವು?

ರೂಢಿಯಿಲ್ಲದ ಶ್ರಮದ ಮರುದಿನ ಸ್ನಾಯು ಬಿಗಿದು ನೋಯುವುದು, ಎರಡು–ಮೂರನೇ ದಿನಕ್ಕೆ ಹೆಚ್ಚಾಗಿ ಆಮೇಲೆ ತಾನಾಗಿಯೇ ಇಳಿಯುವುದು ಸಹಜ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಆದರೆ ಶ್ರಮ ನಿಂತ ಒಂದೆರಡು ಗಂಟೆಯಲ್ಲೇ ಲ್ಯಾಕ್ಟೇಟ್ ಮಟ್ಟ ಮಾಮೂಲಿಗೆ ಇಳಿದಿರುತ್ತದೆ. ಮೂರನೇ ದಿನದ ನೋವಿಗೆ ಅದನ್ನು ದೂರುವಂತಿಲ್ಲ. ನಿಜವಾದ ಕಾರಣ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಗಾಸಿ ಮತ್ತು ಅದನ್ನು ಸರಿಪಡಿಸಲು ದೇಹ ಹೂಡುವ ಉರಿಯೂತ. ಭಾರವನ್ನು ಎತ್ತುವಾಗಿಗಿಂತ ಮೆಲ್ಲಗೆ ಇಳಿಸುವಾಗ, ಮೆಟ್ಟಿಲು ಹತ್ತುವಾಗಿಗಿಂತ ಇಳಿಯುವಾಗ ಈ ಗಾಸಿ ಹೆಚ್ಚು. ರೋಲರ್, ಶಾಖ, ಮಸಾಜ್ ಇವೆಲ್ಲ ಒಗ್ಗುವುದು ಈ ಬಗೆಯ ನೋವಿಗೆ.

ಉಳುಕಿ ಊದಿಕೊಂಡ ಕೀಲು ಇನ್ನೊಂದು ಬಗೆ. ಅದರ ಮೇಲೆ ರೋಲರ್ ಉರುಳಿಸುವುದೂ ಬೇಡ, ಗನ್ ಹಿಡಿಯುವುದೂ ಬೇಡ.

ಮೂರನೆಯದು ಯಾವ ಸಾಧನಕ್ಕೂ ದಕ್ಕದ್ದು. ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತದ ಜೊತೆ ಜೋಮು ಅಥವಾ ಬಲಹೀನತೆ ಇದ್ದರೆ ವೈದ್ಯರನ್ನು ಕಾಣಿ. ತೊಡೆಗಳ ನಡುವೆ ಸ್ಪರ್ಶವೇ ತಿಳಿಯದಂತಾದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ವಿಪರೀತ ಶ್ರಮದ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 2: ನಿಂತು ಮಾಡುವ ಕೆಲಸಕ್ಕೆ ಮೊದಲು ಸಾಕ್ಸ್

ಗಂಟೆಗಟ್ಟಲೆ ನಿಂತಾಗ ರಕ್ತ ಮೇಲೇರಲು ಮೀನಖಂಡದ ಸ್ನಾಯುವಿನ ನೆರವು ಸಾಲದೆ ಕಾಲು ಊದಿಕೊಳ್ಳುತ್ತದೆ. ಕಣಕಾಲಿನ ಬಳಿ ಹೆಚ್ಚು ಬಿಗಿಯಾಗಿದ್ದು ಮೇಲೆ ಹೋದಂತೆ ಸಡಿಲವಾಗುವ ಕಂಪ್ರೆಷನ್ ಸಾಕ್ಸ್ ಇಲ್ಲಿ ಬಹಳ ಉಪಯೋಗಿ. ಸಾಮಾನ್ಯ ಬಳಕೆಗೆ 15–20 ಮಿ.ಮೀ. ಪಾದರಸ (mmHg) ಒತ್ತಡದ್ದು ಸಾಕು. ಅದಕ್ಕಿಂತ ಬಿಗಿಯಾದದ್ದನ್ನು ವೈದ್ಯರು ಹೇಳಿದರೆ ಮಾತ್ರ ಕೊಳ್ಳಿ. ಕಾಲು ಊದುವ ಮುಂಚೆ, ಅಂದರೆ ಪಾಳಿಗೆ ಹೊರಡುವಾಗಲೇ ಹಾಕಿಕೊಳ್ಳಬೇಕು. ಸಂಜೆ ಊದಿದ ಕಾಲಿಗೆ ಏರಿಸಿಕೊಳ್ಳುವುದೂ ಕಷ್ಟ, ಪ್ರಯೋಜನವೂ ಕಡಿಮೆ. ಮಲಗುವಾಗ ತೆಗೆದಿಡಿ. ಅಳತೆಯನ್ನು ಶೂ ನಂಬರಿನಿಂದ ಊಹಿಸದೆ ಕಣಕಾಲು ಮತ್ತು ಮೀನಖಂಡದ ಸುತ್ತಳತೆ ನೋಡಿ ಆರಿಸಿ. ಮೇಲಂಚು ಸುರುಳಿ ಸುತ್ತಿಕೊಂಡರೆ ಅದೇ ದಾರದಂತೆ ಬಿಗಿದು ರಕ್ತಸಂಚಾರ ತಡೆಯುತ್ತದೆ. ಕಾಲಿನ ಅಪಧಮನಿಗಳು ಕಿರಿದಾಗಿರುವವರು, ಮಧುಮೇಹದಿಂದ ಪಾದದ ಸ್ಪರ್ಶ ಮಂಕಾದವರು ವೈದ್ಯರನ್ನು ಕೇಳದೆ ಇದನ್ನು ಧರಿಸಬಾರದು.

ಹಂತ 3: ಚೆಂಡು ಮತ್ತು ರೋಲರ್

ಒಂದೇ ಒಂದು ಸಾಧನ ಕೊಳ್ಳುವಷ್ಟು ಹಣವಿದ್ದರೆ ನನ್ನ ಆಯ್ಕೆ ಟೆನಿಸ್ ಚೆಂಡು. ಬ್ಯಾಗಿನಲ್ಲಿ ಹಿಡಿಯುತ್ತದೆ, ಚಾರ್ಜ್ ಬೇಡ, ಊಟದ ಬಿಡುವಿನಲ್ಲೂ ಬಳಸಬಹುದು. ಕೈ ಮೇಲೆತ್ತಿ ಕೆಲಸ ಮಾಡುವ ಪೇಂಟರ್, ಎಲೆಕ್ಟ್ರಿಷಿಯನ್‌ಗಳಿಗೆ ಬೆನ್ನಹಲಗೆಯ ಸುತ್ತ ಗಂಟು ಕಟ್ಟಿದಂತಾಗುತ್ತದಲ್ಲ, ಅಲ್ಲಿಗೆ ಚೆಂಡಿನಷ್ಟು ನಿಖರವಾಗಿ ತಲುಪುವ ಸಾಧನ ಇನ್ನೊಂದಿಲ್ಲ. ಗೋಡೆಗೆ ಬೆನ್ನು ಮಾಡಿ ನಿಂತು, ಬೆನ್ನುಮೂಳೆಗೂ ಬೆನ್ನಹಲಗೆಗೂ ನಡುವಿನ ಮೆತ್ತನೆಯ ಜಾಗದಲ್ಲಿ ಚೆಂಡಿಟ್ಟು, ಮಂಡಿ ಸ್ವಲ್ಪ ಸ್ವಲ್ಪವೇ ಮಡಿಸುತ್ತ ಮೇಲೆ ಕೆಳಗೆ ಉರುಳಿಸಿ. ಹೆಚ್ಚು ನೋಯುವ ಜಾಗ ಸಿಕ್ಕಾಗ ಅಲ್ಲೇ ನಿಲ್ಲಿಸಿ, ಅರ್ಧ ನಿಮಿಷ ನಿಧಾನವಾಗಿ ಉಸಿರಾಡಿ. ಅಂಗಾಲಿಗಾದರೆ ಕುರ್ಚಿಯಲ್ಲಿ ಕೂತು, ಹಿಮ್ಮಡಿಯಿಂದ ಬೆರಳಿನವರೆಗೆ ಒಂದೆರಡು ನಿಮಿಷ ಉರುಳಿಸಿದರೆ ಸಾಕು.

ಫೋಮ್ ರೋಲರ್ ದೊಡ್ಡ ಸ್ನಾಯುಗಳಿಗೆ: ತೊಡೆಯ ಮುಂಭಾಗ, ಹಿಂಭಾಗ, ಮೀನಖಂಡ, ಪೃಷ್ಠ, ಬೆನ್ನಿನ ಮೇಲ್ಭಾಗ. ಮೊದಲ ಸಲ ಕೊಳ್ಳುವವರು ಮೆದುವಾದದ್ದನ್ನೇ ತೆಗೆದುಕೊಳ್ಳಿ. ಮುಳ್ಳುಮುಳ್ಳಾದ ಗಟ್ಟಿ ರೋಲರ್ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಭ್ರಮೆ. ನೋವಿಗೆ ಹೆದರಿ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಒಂದೊಂದು ಸ್ನಾಯುವಿಗೆ 30ರಿಂದ 90 ಸೆಕೆಂಡು, ನಿಧಾನವಾಗಿ. ಮೈಭಾರವನ್ನು ಕೈಗಳ ಮೇಲೆ ಹಾಕಿ ರೋಲರ್ ಮೇಲಿನ ಒತ್ತಡ ಹಗುರಗೊಳಿಸುವುದು ಮುಖ್ಯ. ಸೊಂಟದ ಬೆನ್ನುಮೂಳೆಯ ಮೇಲೆ ನೇರವಾಗಿ ಬೇಡ, ಅಲ್ಲಿ ಆಸರೆಗೆ ಪಕ್ಕೆಲುಬುಗಳಿಲ್ಲ. ಮಂಡಿಚಿಪ್ಪು, ಉಬ್ಬಿದ ರಕ್ತನಾಳಗಳ ಮೇಲೂ ಬೇಡ.

ಇದರಿಂದ ಸಿಗುವ ಲಾಭ ನಿಜ, ಆದರೆ ಸಣ್ಣದು: ಕೀಲು ಸ್ವಲ್ಪ ಹೊತ್ತು ಸರಾಗವಾಗಿ ಆಡುತ್ತದೆ, ಮರುದಿನದ ನೋವು ತುಸು ಕಡಿಮೆಯಾಗುತ್ತದೆ. ಸ್ನಾಯುವಿನ ಗಂಟನ್ನು ‘ಒಡೆದು ಹಾಕುತ್ತದೆ’ ಎಂಬ ಜಾಹೀರಾತಿನ ಮಾತನ್ನು ನಂಬಬೇಕಿಲ್ಲ.

ಹಂತ 4: ಬಿಸಿಯೋ ತಣ್ಣಗೋ

ಊತವಿರುವ ಹೊಸ ಪೆಟ್ಟಿಗೆ ಐಸ್, ಹಳೆಯ ಬಿಗಿತಕ್ಕೆ ಶಾಖ. ಇಷ್ಟು ನೆನಪಿಟ್ಟರೆ ಬಹುಪಾಲು ಸಂದರ್ಭಗಳಿಗೆ ಸಾಕು.

ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷವಷ್ಟೇ ಇಡಿ. ಅದು ನೋವನ್ನು ಮರೆಸುತ್ತದೆ, ಗುಣಪಡಿಸುವುದಿಲ್ಲ. ಪೆಟ್ಟಾದ ಕೂಡಲೇ ವಿಶ್ರಾಂತಿ, ಐಸ್, ಬಿಗಿಕಟ್ಟು, ಎತ್ತರದಲ್ಲಿಡುವುದು ಎಂಬ ನಾಲ್ಕಂಶದ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಐಸ್ ಮತ್ತು ಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ತಾವೇ ನಿಲುವು ಬದಲಿಸಿದರು.

ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಹಾಕಬೇಡಿ. ಮೂರರಲ್ಲಿ ಎರಡು ಭಾಗ ತುಂಬಿಸಿ, ಗಾಳಿ ಹೊರಗೆ ಅದುಮಿ, ಮುಚ್ಚಳ ಬಿಗಿಮಾಡಿ, ಬಟ್ಟೆ ಸುತ್ತಿ ಇಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆಯಿರಿ. ವಿದ್ಯುತ್ ಹೀಟಿಂಗ್ ಪ್ಯಾಡ್ ಆದರೆ ಅದರ ಮೇಲೆ ಮಲಗುವುದು ಸಲ್ಲ. ದಣಿದವರಿಗೆ ನಿದ್ದೆ ಬೇಗ ಹತ್ತುತ್ತದೆ; ಸುಟ್ಟಗಾಯಗಳಾಗುವುದು ಹೀಗೆಯೇ.

ತಣ್ಣೀರಿನ ತೊಟ್ಟಿಯಲ್ಲಿ ಕೂರುವುದು ಈಗಿನ ಫ್ಯಾಷನ್. 10–15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10–15 ನಿಮಿಷ ಕೂತರೆ ಸ್ನಾಯು ನೋವು ಕಡಿಮೆಯಾಗುತ್ತದೆ ಎನ್ನುವುದೇನೋ ಹೌದು. ಆದರೆ ಭಾರ ಎತ್ತುವ ವ್ಯಾಯಾಮದ ನಂತರ ಪದೇಪದೇ ಹೀಗೆ ಮಾಡಿದವರಲ್ಲಿ ಸ್ನಾಯುವಿನ ಬೆಳವಣಿಗೆ ಕುಂಠಿತವಾದದ್ದು 2015ರ ಅಧ್ಯಯನದಲ್ಲಿ ಕಂಡಿದೆ. ಹೃದಯದ ತೊಂದರೆಯಿರುವವರಿಗಂತೂ ಆ ತಣ್ಣನೆಯ ಆಘಾತ ಅಪಾಯಕಾರಿ.

ಹಂತ 5: ಕರೆಂಟಿನ ಸಾಧನಗಳು, ಕೊನೆಗೆ

ಮಸಾಜ್ ಗನ್ ಕೊಂಡರೆ ಅತಿ ಕಡಿಮೆ ವೇಗದಲ್ಲಿ, ಮೆದುವಾದ ಗುಂಡು ತಲೆ ಹಾಕಿ ಶುರು ಮಾಡಿ. ಒತ್ತಬೇಡಿ, ಅದರ ತೂಕವೇ ಸಾಕು. ಒಂದು ಸ್ನಾಯುವಿಗೆ ಒಂದೆರಡು ನಿಮಿಷ. ಕತ್ತಿನ ಮುಂಭಾಗ ಮತ್ತು ಪಕ್ಕ, ಬೆನ್ನುಮೂಳೆ, ಊತ ಅಥವಾ ರಕ್ತ ಹೆಪ್ಪುಗಟ್ಟಿದ ಜಾಗ ಇವಿಷ್ಟೂ ನಿಷಿದ್ಧ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದರ ಗೋಜಿಗೆ ಹೋಗದಿರುವುದು ಲೇಸು.

ಜಾಹೀರಾತುಗಳು ಹೇಳದ ಮಾತೊಂದಿದೆ. ದಿನವಿಡೀ ಡ್ರಿಲ್, ಗ್ರೈಂಡರ್, ಬ್ರೇಕರ್ ಹಿಡಿಯುವವರ ಕೈ ಆಗಲೇ ಸಾಕಷ್ಟು ಕಂಪನ ತಿಂದಿರುತ್ತದೆ. 1918ರಷ್ಟು ಹಿಂದೆಯೇ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಇಂಡಿಯಾನಾ ರಾಜ್ಯದಲ್ಲಿ ಗಾಳಿಯೊತ್ತಡದ ಸುತ್ತಿಗೆ ಬಳಸುವ ಸುಣ್ಣಕಲ್ಲು ಕುಟಿಗರ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟುವುದನ್ನು ದಾಖಲಿಸಿದ್ದರು. ಐರೋಪ್ಯ ಒಕ್ಕೂಟದ 2002ರ ನಿಯಮದಲ್ಲಿ ಕೈಗೆ ತಾಗುವ ಕಂಪನದ ತೀವ್ರತೆ (ವೇಗೋತ್ಕರ್ಷ) ಎಂಟು ಗಂಟೆಯ ಸರಾಸರಿಯಲ್ಲಿ ಸೆಕೆಂಡ್ ವರ್ಗಕ್ಕೆ 2.5 ಮೀಟರ್ (m/s²) ಮೀರಿದರೆ ಮಾಲೀಕರು ಕ್ರಮಕ್ಕೆ ಇಳಿಯಬೇಕು, 5 ಮೀಟರ್ ಮೀರಲೇಬಾರದು. ಇಂಥ ಕೆಲಸ ಮುಗಿಸಿ ಬಂದು ಮತ್ತೊಂದು ಅದುರುವ ಯಂತ್ರವನ್ನು ಮುಷ್ಟಿಯಲ್ಲಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಅವರಿಗೆ ಚೆಂಡು, ಶಾಖ ಇವೇ ಸರಿ. ಬೆರಳು ಬಿಳಿಚುತ್ತಿದ್ದರೆ ವೈದ್ಯರಿಗೆ ತೋರಿಸಿ.

ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರ ಕೆಲವರಿಗೆ ತಾತ್ಕಾಲಿಕ ಉಪಶಮನ ಕೊಡುತ್ತದೆ. ಆದರೂ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟನೋವಿಗೆ ಇದನ್ನು ಸೂಚಿಸಬೇಡಿ ಎಂದೇ ಹೇಳಿದೆ. ಪೇಸ್‌ಮೇಕರ್ ಇರುವವರು ಮುಟ್ಟಬಾರದು. ವಾಹನ, ಯಂತ್ರ ನಡೆಸುವಾಗ ಯಾರೂ ಬಳಸಬಾರದು. ಕಾಲು ಅದುಮುವ ಬೂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ದುಬಾರಿ, ಜಾಗ ತಿನ್ನುತ್ತವೆ, ಕಾಲನ್ನು ಗೋಡೆಗಾನಿಸಿ ಹತ್ತು ನಿಮಿಷ ಮಲಗಿದರೂ ಊತ ಇಳಿಯುತ್ತದೆ.

ಸೊಂಟಪಟ್ಟಿ ಬೇಕೇ?

ಭಾರ ಎತ್ತುವವರು ಹೆಚ್ಚು ಕೇಳುವ ಪ್ರಶ್ನೆಯಿದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 160 ಮಳಿಗೆಗಳ 9,377 ಸರಕು ಸಾಗಣೆ ನೌಕರರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಟ್ಟಿ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಾಗಲೀ ಬೆನ್ನಿನ ಗಾಯದ ಪರಿಹಾರ ಅರ್ಜಿಗಳಲ್ಲಾಗಲೀ ವ್ಯತ್ಯಾಸ ಸಿಗಲಿಲ್ಲ. ಇದೇ ಸಂಸ್ಥೆಯ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿರುವಾಗ ಎತ್ತಬಹುದಾದ ಗರಿಷ್ಠ ಭಾರ 23 ಕಿಲೋ. ಭಾರ ಮೈಯಿಂದ ದೂರವಿದ್ದರೆ, ನೆಲದಿಂದ ಎತ್ತಬೇಕಿದ್ದರೆ, ತಿರುಗಿ ಎತ್ತಬೇಕಿದ್ದರೆ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಪಟ್ಟಿಗೆ ಹಾಕುವ ದುಡ್ಡನ್ನು ತಳ್ಳುಗಾಡಿಗೆ ಹಾಕುವಂತೆ ಮೇಸ್ತ್ರಿಯನ್ನು ಒಪ್ಪಿಸುವುದು ಮೇಲು.

ಹಂತ 6: ಕೆಲಸ ಮುಗಿದ ಮೇಲಿನ ಕಾಲು ಗಂಟೆ

ಮನೆಗೆ ಬಂದ ಕೂಡಲೇ ಹಾಸಿಗೆಗೆ ಬೀಳುವ ಮುಂಚೆ ಐದು ನಿಮಿಷ ನಿಧಾನವಾಗಿ ನಡೆದಾಡಿ. ಆಮೇಲೆ ಅಂದು ಹೆಚ್ಚು ದುಡಿದ ಎರಡೇ ಎರಡು ಸ್ನಾಯುಗಳನ್ನು ಆರಿಸಿಕೊಂಡು ಚೆಂಡು ಅಥವಾ ರೋಲರ್ ಬಳಸಿ; ಇಡೀ ಮೈಗೆ ಮಾಡಹೊರಟರೆ ಮೂರನೇ ದಿನಕ್ಕೆ ಬೇಸರ ಬರುತ್ತದೆ. ಉಳಿದ ಸಮಯ ಕಾಲು ಮೇಲಿಟ್ಟು ಮಲಗಿ, ಬಿಗಿದ ಜಾಗಕ್ಕೆ ಶಾಖ ಕೊಡಿ. ರಾತ್ರಿ ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಹಿತ.

ಎರಡು ವಾರ ಹೀಗೆ ಮಾಡಿಯೂ ಅದೇ ಜಾಗ ಅದೇ ರೀತಿ ನೋಯುತ್ತಿದ್ದರೆ ಹೊಸ ಸಾಧನ ಹುಡುಕಬೇಡಿ. ಯಾವ ಕೆಲಸ ಮಾಡುವಾಗ, ದಿನದ ಯಾವ ಹೊತ್ತಿಗೆ ನೋವು ಶುರುವಾಗುತ್ತದೆ ಎಂದು ಒಂದು ವಾರ ಬರೆದಿಟ್ಟು, ಆ ಚೀಟಿಯನ್ನು ಫಿಸಿಯೋಥೆರಪಿಸ್ಟ್‌ಗೂ ಮೇಲ್ವಿಚಾರಕರಿಗೂ ತೋರಿಸಿ.