ಮತ್ತೆ ಮತ್ತೆ ಕ್ರೂಸ್‌ಗೆ ಹೋಗುವವರು ಸದಸ್ಯತ್ವದ ದರ್ಜೆಯನ್ನು ಬಳಸಿಕೊಳ್ಳುವ ಬಗೆ

ಹೈದರಾಬಾದ್‌ನ ಶಂಶಾಬಾದ್ ನಿಲ್ದಾಣದಿಂದ ವಿಮಾನ ಹತ್ತಿ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಮೂರು-ನಾಲ್ಕು ರಾತ್ರಿಗಳ ಹಡಗಿನ ಪ್ರವಾಸ ಮಾಡಿ ಬರುವ ಕುಟುಂಬಗಳು ಈಗ ಕಲಬುರಗಿ ಮತ್ತು ಬೀದರ್‌ಗಳಲ್ಲಿ ಅಪರೂಪವೇನಲ್ಲ. ಒಮ್ಮೆ ಹೋದವರಿಗೆ ಇನ್ನೊಮ್ಮೆ ಹೋಗುವ ಆಸೆಯಾಗುವುದು ಸಹಜ. ಹಾಗೆ ಮರಳಿ ಬರುವ ಪ್ರಯಾಣಿಕರಿಗಾಗಿಯೇ ಕ್ರೂಸ್ ಕಂಪನಿಗಳು ಸದಸ್ಯತ್ವದ ದರ್ಜೆಗಳನ್ನು ಇಟ್ಟಿವೆ. ಅತ್ಯುನ್ನತ ದರ್ಜೆಯನ್ನು ಬೆನ್ನಟ್ಟುವ ಅಗತ್ಯ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಆದರೆ ಕಳೆದ ಪ್ರತಿ ರಾತ್ರಿಯೂ ನಮ್ಮ ಲೆಕ್ಕಕ್ಕೆ ಸೇರುವಂತೆ ಮೊದಲ ಪ್ರವಾಸದಿಂದಲೇ ನೋಡಿಕೊಳ್ಳಬೇಕು.

ಎಣಿಕೆಯ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ರಾಯಲ್ ಕೆರಿಬಿಯನ್ ಕಂಪನಿಯ ಕ್ರೌನ್ ಅಂಡ್ ಆಂಕರ್ ಸೊಸೈಟಿ ಎಂಬ ಸದಸ್ಯತ್ವ ಯೋಜನೆಯಲ್ಲಿ ಸಾಧಾರಣ ಕ್ಯಾಬಿನ್‌ಗೆ ರಾತ್ರಿಗೆ ಒಂದು ಪಾಯಿಂಟ್, ಸೂಟ್ ಎಂಬ ದೊಡ್ಡ, ದುಬಾರಿ ಕ್ಯಾಬಿನ್‌ಗೆ ಎರಡು ಪಾಯಿಂಟ್ ದೊರೆಯುತ್ತವೆ. ಇಬ್ಬರ ದರ ಕೊಟ್ಟು ಒಬ್ಬರೇ ಕ್ಯಾಬಿನ್ ತೆಗೆದುಕೊಂಡರೆ ರಾತ್ರಿಗೆ ಇನ್ನೊಂದು ಪಾಯಿಂಟ್ ಸೇರುತ್ತದೆ. ಅಲ್ಲಿ 30 ಪಾಯಿಂಟ್‌ಗಳಿಗೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್ ದರ್ಜೆ ಸಿಗುತ್ತದೆ. ಅಂದರೆ ನಾಲ್ಕು ರಾತ್ರಿಗಳ ಪ್ರವಾಸವನ್ನೇ ಮಾಡುವವರು ಸಾಧಾರಣ ಕ್ಯಾಬಿನ್‌ನಲ್ಲಿ ಡೈಮಂಡ್ ಮುಟ್ಟಲು 20 ಸಲ ಹೋಗಬೇಕು, ಸೂಟ್‌ನಲ್ಲಾದರೆ 10 ಸಲ ಸಾಕು. ಆದರೂ ಪಾಯಿಂಟ್‌ಗಳಿಗೋಸ್ಕರ ಸೂಟ್ ಹಿಡಿಯುವುದು ನಷ್ಟದ ಬಾಬತ್ತು ಎಂದೇ ನನ್ನ ಅಭಿಪ್ರಾಯ. ಡಿಸ್ನಿಯ ಕ್ಯಾಸ್ಟವೇ ಕ್ಲಬ್ ರಾತ್ರಿಗಳನ್ನು ಎಣಿಸದೆ ಪ್ರವಾಸಗಳನ್ನೇ ಎಣಿಸುವುದರಿಂದ ಚಿಕ್ಕ ಪ್ರವಾಸ ಮಾಡುವವರಿಗೆ ಅದು ಅನುಕೂಲಕರ. ಕಾರ್ನಿವಲ್ ಕಂಪನಿಯು ದಿನಗಳ ಬದಲು ಖರ್ಚು ಮಾಡಿದ ಹಣವನ್ನು ಆಧರಿಸುವ ಹೊಸ ಪದ್ಧತಿಯನ್ನು ಪ್ರಕಟಿಸಿದೆ. ನಿಯಮಗಳು ಹೀಗೆ ಬದಲಾಗುತ್ತಿರುವುದರಿಂದ ಟಿಕೆಟ್ ಮಾಡಿಸುವ ಮೊದಲು ಆಯಾ ಕಂಪನಿಯ ಪುಟವನ್ನು ಒಮ್ಮೆ ಓದಿಕೊಳ್ಳಿರಿ.

ನಮ್ಮ ಭಾಗದವರು ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ವಹಿಸಬೇಕಾದದ್ದು ಹೆಸರು ಮತ್ತು ವಿಳಾಸದ ವಿಷಯದಲ್ಲಿ. ಬಸವರಾಜ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಏಜೆಂಟರು ‘ವಿ’ ಹಾಕಿ ಬರೆದರೆ ಇನ್ನೊಬ್ಬರು ‘ಡಬ್ಲ್ಯೂ’ ಹಾಕಿ ಬರೆಯುತ್ತಾರೆ. ಪಾಟೀಲ, ಬಿರಾದಾರ ಎಂಬ ಅಡ್ಡಹೆಸರು ಒಂದು ಬುಕಿಂಗ್‌ನಲ್ಲಿದ್ದು ಇನ್ನೊಂದರಲ್ಲಿ ತಂದೆಯ ಹೆಸರು ಬಂದು ಕೂತಿರುತ್ತದೆ. ಹೀಗಾದಾಗ ಒಬ್ಬರದೇ ಹೆಸರಿನಲ್ಲಿ ಎರಡು ಖಾತೆಗಳು ಹುಟ್ಟಿ, ಪಾಯಿಂಟ್‌ಗಳು ಅಲ್ಲಿಷ್ಟು ಇಲ್ಲಿಷ್ಟು ಹಂಚಿಹೋಗುವ ಸಾಧ್ಯತೆಯಿದೆ. ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳನ್ನೇ ಎಲ್ಲೆಡೆ ಬಳಸಿರಿ. ವಿಳಾಸವೂ ಅಷ್ಟೇ ಮುಖ್ಯ. ರಾಯಲ್ ಕೆರಿಬಿಯನ್‌ನಲ್ಲಿ ಒಂದೇ ಮನೆಯಲ್ಲಿರುವ ಗಂಡ-ಹೆಂಡತಿ ಇಬ್ಬರಿಗೂ ಅವರಲ್ಲಿ ಮೇಲಿರುವವರ ದರ್ಜೆ ಅನ್ವಯಿಸುತ್ತದೆ, 18 ವರ್ಷದೊಳಗಿನ ಮಕ್ಕಳಿಗೂ ತಂದೆ-ತಾಯಿಯ ದರ್ಜೆ ದೊರೆಯುತ್ತದೆ. ನಗರದ ಹೆಸರು 2014ರ ನವೆಂಬರ್ 1ರಂದು ಬದಲಾದ ಕಾರಣ ಯಜಮಾನರ ಹಳೆಯ ದಾಖಲೆಯಲ್ಲಿ ಗುಲ್ಬರ್ಗಾ ಎಂದೂ, ಮನೆಯವರ ಹೊಸ ದಾಖಲೆಯಲ್ಲಿ ಕಲಬುರಗಿ ಎಂದೂ ಇರಬಹುದು. ಎರಡನ್ನೂ ಒಂದೇ ರೀತಿ ತಿದ್ದಿಸಿಕೊಂಡಿದ್ದರೆ ಮುಂದೆ ತೊಡಕಿರುವುದಿಲ್ಲ. ಈಗಾಗಲೇ ಎರಡು ಖಾತೆಗಳಿದ್ದರೆ ಹಳೆಯ ಬುಕಿಂಗ್ ನಂಬರುಗಳೊಂದಿಗೆ ಕಂಪನಿಗೆ ಬರೆದು, ಅವುಗಳನ್ನು ಒಂದುಗೂಡಿಸಲು ಕೇಳಿರಿ. ಹೈದರಾಬಾದ್‌ನ ಏಜೆಂಟರ ಮೂಲಕ ಗುಂಪಿನಲ್ಲಿ ಹೋಗುವವರು ತಮ್ಮ ಸದಸ್ಯತ್ವದ ನಂಬರನ್ನು ಬುಕಿಂಗ್‌ಗೆ ಸೇರಿಸಲು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಖಾತ್ರಿ ಪತ್ರದಲ್ಲಿ ಅದು ಮುದ್ರಿತವಾಗಿದೆಯೇ ಎಂದು ಕಣ್ಣಾರೆ ನೋಡಬೇಕು.

ಇನ್ನು ಸವಲತ್ತುಗಳನ್ನು ನಮ್ಮ ಮನೆಯ ರೂಢಿಗೆ ಹಚ್ಚಿ ಅಳೆಯಬೇಕು. ರಾಯಲ್ ಕೆರಿಬಿಯನ್‌ನ ಡೈಮಂಡ್ ಸದಸ್ಯರಿಗೆ ದಿನಕ್ಕೆ ನಾಲ್ಕು ಪಾನೀಯಗಳ ವೋಚರ್ ಅವರ ಕಾರ್ಡಿನಲ್ಲಿಯೇ ಜಮೆಯಾಗಿರುತ್ತದೆ. ಮದ್ಯ ಮುಟ್ಟದವರು ಇದನ್ನು ವ್ಯರ್ಥವೆಂದು ಬಿಟ್ಟುಬಿಡಬಾರದು, ಏಕೆಂದರೆ ಹಣ ಕೊಟ್ಟು ಕುಡಿಯಬೇಕಾದ ಕಾಫಿ ಮತ್ತು ಸೋಡಾಗಳಿಗೂ ಅದು ನಡೆಯುತ್ತದೆ. ಪ್ರಿನ್ಸೆಸ್ ಕಂಪನಿಯ ಎಲೀಟ್ ದರ್ಜೆಯಲ್ಲಿ ಬಟ್ಟೆ ಒಗೆದು ಕೊಡುವುದು ಉಚಿತ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ದೀರ್ಘ ಪ್ರವಾಸ ಮಾಡುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಸಾಲಿನಲ್ಲಿ ನಿಲ್ಲದೆ ಬೇಗ ಹಡಗು ಹತ್ತುವ ಸೌಲಭ್ಯವೂ ಒಳ್ಳೆಯದೇ. ಆದರೆ ಮೊಣಕಾಲು ನೋವಿರುವವರಿಗೆ ಬೇಕಾದ ಗಾಲಿಕುರ್ಚಿಗೆ, ಸಸ್ಯಾಹಾರಿ ಅಥವಾ ಜೈನ ಊಟಕ್ಕೆ ಯಾವ ದರ್ಜೆಯೂ ಬೇಕಾಗಿಲ್ಲ. ಮುಂಗಡವಾಗಿ ತಿಳಿಸಿದರೆ ಸಾಕು.

ಗೌರವದ ಗುರುತುಗಳಲ್ಲಿ ಕಾರ್ಡಿನ ಬಣ್ಣ, ಎದೆಗೆ ಸಿಕ್ಕಿಸುವ ಪಿನ್ನು, ಮೇಲ್ದರ್ಜೆಯವರಿಗಷ್ಟೇ ತೆರೆದಿರುವ ಲಾಂಜ್ ಇವು ಸಾಮಾನ್ಯ. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಹಾಲೆಂಡ್ ಅಮೆರಿಕ ಕಂಪನಿ ಕೊಡುವ ಪದಕ. ಅದರಲ್ಲಿ ಸೂಟ್‌ಗೆ ಅಥವಾ ಖರ್ಚಿಗೆ ಸಿಗುವ ಹೆಚ್ಚುವರಿ ದಿನಗಳು ಲೆಕ್ಕಕ್ಕಿಲ್ಲ. ನಿಜವಾಗಿ ಸಮುದ್ರಯಾನದಲ್ಲಿ ಕಳೆದ ದಿನಗಳೇ ಲೆಕ್ಕ. 100, 300, 500, 700 ದಿನಗಳು ತುಂಬಿದಂತೆ ಒಂದಕ್ಕಿಂತ ಒಂದು ಮೇಲಿನ ಪದಕ ಸಿಗುತ್ತದೆ.

ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಮುಂಬೈಗೆ ಹೋಗಿ ಕಾರ್ಡೀಲಿಯಾ ಕ್ರೂಸಸ್‌ನ ಎಂಪ್ರೆಸ್ ಹಡಗು ಹತ್ತುವವರು ಒಂದು ಮಾತು ತಿಳಿದಿರಬೇಕು. 1990ರಲ್ಲಿ ಸೇವೆಗೆ ಬಂದ ಆ ಹಡಗು ಹಿಂದೆ ರಾಯಲ್ ಕೆರಿಬಿಯನ್‌ನದಾಗಿತ್ತಾದರೂ ಈಗ ಕಂಪನಿ ಬೇರೆಯಾದ್ದರಿಂದ ಅಲ್ಲಿ ಕಳೆದ ರಾತ್ರಿಗಳು ಕ್ರೌನ್ ಅಂಡ್ ಆಂಕರ್ ಲೆಕ್ಕಕ್ಕೆ ಬರುವುದಿಲ್ಲ. ಎಂಎಸ್‌ಸಿ ಕಂಪನಿಯಾದರೋ ಬೇರೆಡೆ ಗಳಿಸಿದ ದರ್ಜೆಗೆ ಸರಿಸಮನಾದ ದರ್ಜೆಯನ್ನು ಅರ್ಜಿ ಹಾಕಿದವರಿಗೆ ಕೊಡುವ ವ್ಯವಸ್ಥೆ ಇಟ್ಟುಕೊಂಡಿದೆ. ಹೋಟೆಲ್ ಸರಪಳಿಗಳ ಸದಸ್ಯತ್ವವಿರುವ ವ್ಯಾಪಾರಸ್ಥರು ಇದನ್ನು ತಪ್ಪದೆ ಬಳಸಿಕೊಳ್ಳಬಹುದು.

ಹಡಗಿನಲ್ಲಿ ಸದಸ್ಯತ್ವದ ವಿಚಾರ ನೋಡಿಕೊಳ್ಳುವ ಪ್ರತ್ಯೇಕ ಸಿಬ್ಬಂದಿ ಇದ್ದರೆ ಅವರ ಬಳಿ, ಇಲ್ಲವಾದರೆ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ, ಇಳಿಯುವ ಹಿಂದಿನ ದಿನ ನಿಮ್ಮ ಖಾತೆಯನ್ನು ತೆರೆಸಿ ನೋಡಿರಿ. ಊರಿಗೆ ಮರಳಿದ ಕೆಲವು ವಾರಗಳಲ್ಲಿ ಪಾಯಿಂಟ್‌ಗಳು ಏರದಿದ್ದರೆ ದೂರು ಬರೆಯಲು ಬುಕಿಂಗ್ ನಂಬರು ಮತ್ತು ಕೊನೆಯ ಬಿಲ್ಲು ಬೇಕಾಗುತ್ತವೆ. ಅವುಗಳ ಫೋಟೊವನ್ನು ಕ್ಯಾಬಿನ್ ಬಿಡುವ ಮೊದಲೇ ತೆಗೆದಿಟ್ಟುಕೊಳ್ಳಿರಿ.